ಹಾಯಿದೋಣಿಯಲ್ಲಿ ಬಂದ ಮೊದಲ ಗೆಲುವು

ಹೇಮಾವತಿಯ ಗೊರೂರು ಜಲಾಶಯದ ಮೇಲೆ ಬೀಸುವ ಗಾಳಿಯ ಬಿರುಸನ್ನು ಹಾಸನ, ಹೊಳೆನರಸೀಪುರದ ಜನ ಬಲ್ಲರು. ಅಂತಹ ಗಾಳಿಯನ್ನೇ ನೆಚ್ಚಿ, ಒಲಿಂಪಿಕ್ಸ್ ಚರಿತ್ರೆಯಲ್ಲಿ ವಿಜಯ ಸಾಧಿಸಿದ ಪ್ರಥಮ ಮಹಿಳೆ ಹೆಲೆನ್ ದ ಪೂರ್ತಲೆಸ್.

1868ರಲ್ಲಿ ನ್ಯೂಯಾರ್ಕ್‌ನಲ್ಲಿ ಜನಿಸಿದ ಹೆಲೆನ್ ಬಾರ್ಬೆ, 1891ರಲ್ಲಿ ಸ್ವಿಟ್ಜರ್ಲೆಂಡಿನ ಕೌಂಟ್ ಹರ್ಮನ್ ದ ಪೂರ್ತಲೆಸ್ ಅವರನ್ನು ವರಿಸಿದರು. ಮಹಿಳೆಯರಿಗೆ ಪ್ರವೇಶ ದೊರೆತ ಮೊದಲ ಒಲಿಂಪಿಕ್ಸ್ 1900ರ ಪ್ಯಾರಿಸ್ ಕೂಟ. 997 ಸ್ಪರ್ಧಿಗಳ ಪೈಕಿ ಮಹಿಳೆಯರು ಕೇವಲ 22. ಹಾಯಿದೋಣಿ ಸ್ಪರ್ಧೆಯಲ್ಲಿ ಅವರಿಗೆ ಪ್ರತ್ಯೇಕ ವಿಭಾಗವಿರಲಿಲ್ಲ, ಪುರುಷರೊಡನೆಯೇ ಸೆಣಸಬೇಕಿತ್ತು. ಮೇ 22ರಂದು ಮ್ಯೂಲಾನ್ ಬಳಿ ಸೀನ್ ನದಿಯಲ್ಲಿ, ಪತಿ ಹಾಗೂ ಅವರ ಬಂಧು ಬರ್ನಾರ್ಡ್ ಜತೆ ಹೆಲೆನ್ ಏರಿದ್ದ ಲೆರಿನಾ ದೋಣಿ, ಒಂದರಿಂದ ಎರಡು ಟನ್ ವಿಭಾಗದ ಮೊದಲ ರೇಸ್ ಗೆದ್ದಿತು.

ಟೆನಿಸ್‌ನಲ್ಲಿ ಷಾರ್ಲೆಟ್ ಕೂಪರ್ ಗೆದ್ದದ್ದು ಅದೇ ವರ್ಷದ ಜುಲೈನಲ್ಲಿ. ಆದರೆ ವೈಯಕ್ತಿಕ ಗೆಲುವಿನ ಕೀರ್ತಿ ಕೂಪರ್ ಅವರದಾದ್ದರಿಂದ, ತಂಡದ ಸದಸ್ಯೆ ಹೆಲೆನ್ ಹೆಸರು ಮರೆಗೆ ಸರಿಯಿತು. ಹಗ್ಗ ಹಿಡಿದು ದುಡಿದವಳ ಪಾಲು ದೋಣಿಯ ಯಶಸ್ಸಿನಲ್ಲಿ ಕರಗಿಹೋಯಿತು.

1904ರಲ್ಲಿ ಪತಿಯನ್ನು ಕಳೆದುಕೊಂಡ ಅವರು 1945ರಲ್ಲಿ ಜಿನೀವಾದಲ್ಲಿ ನಿಧನರಾದರು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೇ ಮೀಸಲಾದ ಹಾಯಿದೋಣಿ ವಿಭಾಗ ಬಂದದ್ದು 1988ರ ಸೋಲ್ ಕೂಟದಲ್ಲಿ. ಎರಡೇ ದೋಣಿಗಳು ಮುಖಾಮುಖಿಯಾಗುವ ಮಹಿಳಾ ಮ್ಯಾಚ್ ರೇಸಿಂಗ್ 2012ರ ಲಂಡನ್‌ನಲ್ಲಿ ನಡೆದು, ಸ್ಪೇನ್ ಚಿನ್ನ ಗೆದ್ದಿತು. 2016ರ ರಿಯೊ ಕೂಟಕ್ಕೆ ಅದನ್ನು ಕೈಬಿಡಲಾಯಿತು. ಭಾರತದಿಂದ ಒಲಿಂಪಿಕ್ಸ್ ಹಾಯಿದೋಣಿಗೆ ಅರ್ಹತೆ ಪಡೆದ ಮೊದಲ ಮಹಿಳೆ ಚೆನ್ನೈನ ನೇತ್ರಾ ಕುಮನನ್, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಸ್ಪರ್ಧಿಸಿದರು. ಹೆಲೆನ್ ದೋಣಿ ಏರಿ ಅಷ್ಟು ಹೊತ್ತಿಗೆ 121 ವರ್ಷಗಳು ಕಳೆದಿದ್ದವು.