ಪರ್ಮಿಟ್ ಕಚೇರಿಯ ಬಾಗಿಲಲ್ಲಿ ನಿಂತ ವಕೀಲರು

ಇಖಾಮ, ವೀಸಾ, ಫ್ಯಾಮಿಲಿ ವೀಸಾ. ಈ ಮಾತುಗಳು ಗೊತ್ತಿಲ್ಲದ ಬ್ಯಾರಿ ಮನೆ ಇಂದು ಸಿಗುವುದು ಅಪರೂಪ. ಓದು ಬಾರದ ಅಜ್ಜಿಗೂ ಮೊಮ್ಮಗನ ಇಖಾಮದ ಅವಧಿ ಯಾವಾಗ ಮುಗಿಯುತ್ತದೆ ಅಂತ ನೆನಪಿರುತ್ತದೆ. ಪರದೇಶದಲ್ಲಿ ಒಂದು ಕಾಗದದ ಬೆಲೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನೂರು ವರ್ಷಗಳಿಗೂ ಹಿಂದೆ ದಕ್ಷಿಣ ಆಫ್ರಿಕದಲ್ಲಿ ನಮ್ಮ ದೇಶದವರು ಇದೇ ಕಾಗದಕ್ಕಾಗಿ ಪಟ್ಟ ಪಾಡು, ಅವರ ಪರವಾಗಿ ಅರ್ಜಿ ಬರೆದು ಓಡಾಡಿದ ಒಬ್ಬ ಯುವ ವಕೀಲರ ಕಥೆ ನಮ್ಮ ಮಕ್ಕಳಿಗೆ ಅಷ್ಟಾಗಿ ಗೊತ್ತಿಲ್ಲ. ಆ ವಕೀಲರ ಹೆಸರು ಮೋಹನದಾಸ ಕರಮಚಂದ ಗಾಂಧಿ. ಚರಕ, ಉಪ್ಪು, ಉಪವಾಸದ ಗಾಂಧೀಜಿಯನ್ನು ನಾವು ಶಾಲೆಯ ಪುಸ್ತಕದಲ್ಲಿ ಕಂಡಿದ್ದೇವೆ. ಪರ್ಮಿಟ್ ಕಚೇರಿಯ ಬಾಗಿಲಲ್ಲಿ ನಿಂತ ಗಾಂಧೀಜಿಯನ್ನು ಇವತ್ತು ಸ್ವಲ್ಪ ನೋಡೋಣ.

ಅವರನ್ನು ಆಫ್ರಿಕಕ್ಕೆ ಕರೆಸಿದ್ದೇ ಪೋರಬಂದರಿನ ಒಬ್ಬ ಮೇಮನ್ ಮುಸ್ಲಿಂ ವ್ಯಾಪಾರಿ, ದಾದಾ ಅಬ್ದುಲ್ಲಾ ಸೇಠ್. ತಮ್ಮ ಬಂಧು ತಯ್ಯಬ್ ಸೇಠ್ ವಿರುದ್ಧ ಅವರು ಹೂಡಿದ್ದ ದೊಡ್ಡ ಮೊತ್ತದ ವ್ಯಾಜ್ಯಕ್ಕೆ ನೆರವಾಗಲೆಂದು 1893ರಲ್ಲಿ ಗಾಂಧೀಜಿ ಡರ್ಬನ್‌ನಲ್ಲಿ ಇಳಿದರು. ಆಗ ಅವರಿಗೆ 23 ವರ್ಷ. ಕೇಸನ್ನು ಕೋರ್ಟಿನಲ್ಲಿ ಎಳೆದಾಡಿಸುವ ಬದಲು ಇಬ್ಬರನ್ನೂ ಪಂಚಾಯಿತಿಗೆ ಒಪ್ಪಿಸಿದರು. ಗೆದ್ದ ದಾದಾ ಅಬ್ದುಲ್ಲಾರನ್ನು ಒಡಂಬಡಿಸಿ, ಸೋತವರಿಗೆ ಕಂತಿನಲ್ಲಿ ಹಣ ಕಟ್ಟಲು ಅವಕಾಶ ಮಾಡಿಕೊಟ್ಟರು.

ಕೆಲಸ ಮುಗಿಸಿ ಊರಿಗೆ ಹೊರಟಾಗ, 1894ರಲ್ಲಿ, ಭಾರತೀಯರ ಮತದ ಹಕ್ಕು ಕಿತ್ತುಕೊಳ್ಳುವ ಮಸೂದೆಯ ಸುದ್ದಿ ಬಂತು. ವ್ಯಾಪಾರಿಗಳು ಅವರನ್ನು ಬಿಡಲಿಲ್ಲ. ಸಾರ್ವಜನಿಕ ಕೆಲಸಕ್ಕೆ ಫೀಸು ಬೇಡ ಅಂತ ಗಾಂಧೀಜಿ ಹೇಳಿಬಿಟ್ಟರು. ಹೊಟ್ಟೆಪಾಡಿಗೆ ವ್ಯಾಪಾರಿಗಳು ತಮ್ಮ ಅಂಗಡಿಯ ಕಾನೂನು ಕೆಲಸವನ್ನು ಅವರಿಗೆ ಕೊಟ್ಟರು. ಅದೇ ವರ್ಷ ನೇಟಾಲ್ ಇಂಡಿಯನ್ ಕಾಂಗ್ರೆಸ್ ಹುಟ್ಟಿತು.

ಪರ್ಮಿಟ್‌ನ ನಿಜವಾದ ಕಷ್ಟ ಶುರುವಾದದ್ದು ಬೋಅರ್ ಯುದ್ಧದ ನಂತರ. 1899ರಿಂದ 1902ರವರೆಗಿನ ಆ ಯುದ್ಧದಲ್ಲಿ ಅಂಗಡಿ, ಮನೆ ಬಿಟ್ಟು ಹೋಗಿದ್ದ ಭಾರತೀಯರು ಮತ್ತೆ ಟ್ರಾನ್ಸ್‌ವಾಲ್‌ಗೆ ಬರಬೇಕಾದರೆ ಪರ್ಮಿಟ್ ಬೇಕು. ಬಿಳಿಯರಿಗೆ ಅದು ಸುಲಭವಾಗಿ ಸಿಗುತ್ತಿತ್ತು. ನಮ್ಮವರಿಗೆ ಮಾತ್ರ ಬೇರೆ ಇಲಾಖೆ, ಬೇರೆ ಅರ್ಜಿ, ಬೇರೆ ಕಾಯುವಿಕೆ. ಮಧ್ಯದಲ್ಲಿ ದಲಾಲಿಗಳು ಹುಟ್ಟಿಕೊಂಡರು. ಹಕ್ಕುಳ್ಳವನು ಹೊರಗೆ, ನೂರು ಪೌಂಡ್ ಕೊಟ್ಟವನು ಒಳಗೆ ಎಂಬ ದೂರು ಗಾಂಧೀಜಿಯ ಕಿವಿಗೆ ಬಿತ್ತು. 1903ರಲ್ಲಿ ಅವರು ಜೋಹಾನ್ಸ್‌ಬರ್ಗ್‌ನಲ್ಲಿ ವಕೀಲರಾಗಿ ನೋಂದಾಯಿಸಿಕೊಂಡು ಅಲ್ಲೇ ಕಚೇರಿ ತೆರೆದರು.

ಬರೀ ಭಾಷಣದಿಂದ ಲಂಚ ನಿಲ್ಲುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಒಂದೊಂದೇ ಸಾಕ್ಷಿ ಕೂಡಿಸಿ ಪೊಲೀಸ್ ಕಮಿಷನರ್ ಎದುರು ಇಟ್ಟರು. ಇಬ್ಬರು ಅಧಿಕಾರಿಗಳ ಮೇಲೆ ಕೇಸು ನಡೆಯಿತು. ಜ್ಯೂರಿಯವರು ಇಬ್ಬರನ್ನೂ ಬಿಟ್ಟುಬಿಟ್ಟರು. ಆದರೂ ಸಾಕ್ಷಿ ಎಷ್ಟು ಗಟ್ಟಿಯಾಗಿತ್ತೆಂದರೆ ಸರಕಾರವೇ ಅವರನ್ನು ಕೆಲಸದಿಂದ ತೆಗೆಯಿತು. ಮುಂದೆ ಅದೇ ಅಧಿಕಾರಿಗಳಿಗೆ ನಗರಸಭೆಯಲ್ಲಿ ಕೆಲಸ ಸಿಗುವ ಸಂದರ್ಭ ಬಂದಾಗ ಗಾಂಧೀಜಿ ಅಡ್ಡಿ ಮಾಡಲಿಲ್ಲ. ಅವರ ಜಗಳ ಇದ್ದದ್ದು ಲಂಚದ ಮೇಲೆ, ಆ ಮನುಷ್ಯರ ಅನ್ನದ ಮೇಲಲ್ಲ.

1906ರಲ್ಲಿ ಇನ್ನೂ ಕಠಿಣ ಕಾನೂನು ಬಂತು. ಭಾರತೀಯರೆಲ್ಲ ಹೊಸದಾಗಿ ಹೆಸರು ನೋಂದಾಯಿಸಿ, ಬೆರಳಚ್ಚು ಕೊಟ್ಟು, ಸರ್ಟಿಫಿಕೇಟ್ ಇಟ್ಟುಕೊಳ್ಳಬೇಕು. ಪೊಲೀಸರು ಕೇಳಿದಾಗ ತೋರಿಸದಿದ್ದರೆ ದಂಡ, ಜೈಲು, ಗಡಿಪಾರು. ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರ್‌ನಲ್ಲಿ ದೊಡ್ಡ ಸಭೆ ಸೇರಿತು. ಈ ಕಾನೂನಿಗೆ ಎಂದಿಗೂ ತಲೆಬಾಗುವುದಿಲ್ಲವೆಂದು ದೇವರನ್ನು ಸಾಕ್ಷಿಯಾಗಿಟ್ಟು ಪ್ರತಿಜ್ಞೆ ಮಾಡಬೇಕೆಂದವರು ಸೇಠ್ ಹಾಜಿ ಹಬೀಬ್. ದೇವರ ಹೆಸರಿನ ಮಾತು ಬಂದ ಕೂಡಲೇ ಗಾಂಧೀಜಿ ಎಚ್ಚೆತ್ತರು. ಆಣೆ ಹಗುರವಲ್ಲ, ಮನಸ್ಸು ಗಟ್ಟಿ ಇದ್ದವರು ಮಾತ್ರ ಮಾಡಿ ಅಂತ ಜನರಿಗೆ ವಿವರಿಸಿದರು. ಸಭೆಯಿಡೀ ಎದ್ದು ನಿಂತು ಪ್ರತಿಜ್ಞೆ ಮಾಡಿತು. ಸತ್ಯಾಗ್ರಹ ಬೇರೂರಿದ್ದು ಅಲ್ಲಿ.

1908ರ ಜನವರಿಯಲ್ಲಿ ಗಾಂಧೀಜಿ ಜೈಲಿಗೆ ಹೋದರು. ಸ್ವಇಚ್ಛೆಯಿಂದ ನೋಂದಣಿ ಮಾಡಿಸಿದರೆ ಕಾನೂನು ರದ್ದಾಗುತ್ತದೆ ಎಂಬ ನಂಬಿಕೆಯಲ್ಲಿ ಜನರಲ್ ಸ್ಮಟ್ಸ್ ಜೊತೆ ರಾಜಿಯಾಯಿತು. ಮೊದಲು ತಾವೇ ಬೆರಳಚ್ಚು ಕೊಡಲು ಹೊರಟ ಗಾಂಧೀಜಿಯನ್ನು, ಸಮುದಾಯಕ್ಕೆ ದ್ರೋಹ ಮಾಡಿದರೆಂಬ ಸಿಟ್ಟಿನಲ್ಲಿ ಮೀರ್ ಆಲಂ ಎಂಬ ಪಠಾಣ ಮತ್ತು ಸಂಗಡಿಗರು ಬೀದಿಯಲ್ಲೇ ಹೊಡೆದು ಕೆಡವಿದರು. ಪ್ರಜ್ಞೆ ಬಂದ ಮೇಲೆ ಅವರು ಕೇಳಿದ್ದು, ಹೊಡೆದವರ ಮೇಲೆ ಕೇಸು ಹಾಕಬೇಡಿ ಅಂತ.

ಕಾನೂನು ಮಾತ್ರ ರದ್ದಾಗಲಿಲ್ಲ. ಆಗಸ್ಟ್ 16ರಂದು ಜೋಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಅಂಗಳದಲ್ಲಿ ದೊಡ್ಡ ಕಡಾಯಿ ಇಟ್ಟು, ಎರಡು ಸಾವಿರಕ್ಕೂ ಹೆಚ್ಚು ಸರ್ಟಿಫಿಕೇಟ್‌ಗಳನ್ನು ಸುಟ್ಟರು. ಆ ದಿನಗಳ ನಾಯಕ ಅಹ್ಮದ್ ಮುಹಮ್ಮದ್ ಕಾಛಲಿಯಾ ದೊಡ್ಡ ವ್ಯಾಪಾರಿ. ಹೋರಾಟ ಬಿಡದಿದ್ದರೆ ಸಾಲ ಕೂಡಲೇ ತೀರಿಸು ಅಂತ ಬಿಳಿ ಸಾಹುಕಾರರು ಕುತ್ತಿಗೆಗೆ ಕೂತರು. ಕಾಛಲಿಯಾ ಅಂಗಡಿ, ಸರಕು ಎಲ್ಲ ಒಪ್ಪಿಸಿದರು. ಸಾಲಗಾರರಿಗೆ ಪೂರ್ತಿ ಹಣ ಸಂದಿತು, ಹೋರಾಟವೂ ನಿಲ್ಲಲಿಲ್ಲ.

ಇನ್ನೊಂದು ಏಟು ನೇರ ನಮ್ಮ ನಿಖಾಹಿಗೇ ಬಿತ್ತು. 1913ರ ಮಾರ್ಚ್ 14ರಂದು ಕೇಪ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸರ್ಲ್, ಒಬ್ಬ ಮುಸ್ಲಿಮರು ಊರಿಂದ ಕರೆತಂದ ಹೆಂಡತಿಯ ಪ್ರವೇಶದ ಕೇಸಿನಲ್ಲಿ ತೀರ್ಪು ಕೊಟ್ಟರು. ಆ ತೀರ್ಪಿನ ಪ್ರಕಾರ ಕ್ರೈಸ್ತ ವಿಧಿಯಲ್ಲಿ ನಡೆದು ರಿಜಿಸ್ಟರ್ ಆಗದ ಮದುವೆ ಅಲ್ಲಿನ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ಹಿಂದೂ, ಮುಸ್ಲಿಂ, ಪಾರ್ಸಿ ಹೆಂಗಸರೆಲ್ಲ ಒಂದೇ ದಿನದಲ್ಲಿ ಹೆಂಡತಿ ಅಲ್ಲದವರಾದರು, ಮಕ್ಕಳ ವಾರಸುದಾರಿಕೆಗೂ ಕುತ್ತು ಬಂತು. ಫ್ಯಾಮಿಲಿ ವೀಸಾಕ್ಕೆ ಮದುವೆ ಸರ್ಟಿಫಿಕೇಟ್ ಹಿಡಿದು ಓಡಾಡಿದವರಿಗೆ ಈ ಸಂಕಟ ಬೇಗ ಅರ್ಥವಾಗುತ್ತದೆ.

ಆಗ ಹೆಂಗಸರೇ ಬೀದಿಗಿಳಿದರು. ಪರ್ಮಿಟ್ ಇಲ್ಲದೆ ಟ್ರಾನ್ಸ್‌ವಾಲ್ ಗಡಿ ದಾಟುವುದೇ ಅಪರಾಧ. ಬೇಕೆಂದೇ ದಾಟಿ ಕಸ್ತೂರಬಾ ಮೂರು ತಿಂಗಳ ಸಜೆ ಅನುಭವಿಸಿದರು. ಕೂಲಿಯ ಕರಾರು ಮುಗಿದವರ ಮೇಲೆ ಹಾಕಿದ್ದ ಮೂರು ಪೌಂಡ್ ತೆರಿಗೆಯ ವಿರುದ್ಧ ಗಣಿ ಕಾರ್ಮಿಕರು ಕೆಲಸ ಬಿಟ್ಟರು. ನವೆಂಬರ್ 6ರಂದು ಗಾಂಧೀಜಿ ಜೊತೆ ಎರಡು ಸಾವಿರಕ್ಕೂ ಹೆಚ್ಚು ಜನ ಗಡಿಯತ್ತ ನಡೆದರು.

1914ರಲ್ಲಿ ಇಂಡಿಯನ್ ರಿಲೀಫ್ ಆ್ಯಕ್ಟ್ ಬಂತು. ತೆರಿಗೆ ಹೋಯಿತು. ನಮ್ಮ ಧರ್ಮಗಳ ಪ್ರಕಾರ ನಡೆದ ಮದುವೆಗೆ ಮಾನ್ಯತೆ ಸಿಕ್ಕಿತು, ಅದೂ ಒಬ್ಬಳೇ ಹೆಂಡತಿಗೆ. ಹೆಬ್ಬೆರಳ ಗುರುತಿರುವ ವಾಸದ ಸರ್ಟಿಫಿಕೇಟ್ ಹಿಡಿದವನು ತಾನೇ ಅದರ ಒಡೆಯನೆಂದು ತೋರಿಸಿದರೆ, ದೇಶದೊಳಗೆ ಬರುವ ಹಕ್ಕಿಗೆ ಅದೇ ಸಾಕು ಅಂತಾಯಿತು. ಎಲ್ಲವೂ ಸಿಗಲಿಲ್ಲ. ಟ್ರಾನ್ಸ್‌ವಾಲ್‌ನಲ್ಲಿ ಜಮೀನು ಕೊಳ್ಳುವ ನಿರ್ಬಂಧ ಉಳಿಯಿತು. ಆ ನೆಲದ ಮೂಲ ಆಫ್ರಿಕನರ ಕಷ್ಟ ಈ ಹೋರಾಟದ ಬೇಡಿಕೆಯಲ್ಲಿ ಸೇರಿರಲಿಲ್ಲ ಎಂಬುದನ್ನೂ ನಾವು ಮರೆಯಬಾರದು.

1914ರ ಜುಲೈ 18ರಂದು ಗಾಂಧೀಜಿ ಆಫ್ರಿಕ ಬಿಟ್ಟರು. ಆರು ವರ್ಷ ಕಳೆದು, 1920ರ ಆಗಸ್ಟಿನಲ್ಲಿ, ಖಿಲಾಫತ್ ಚಳವಳಿಗಾಗಿ ಶೌಕತ್ ಅಲಿಯವರ ಜೊತೆ ನಮ್ಮ ಮಂಗಳೂರಿಗೂ ಬಂದರು.

ಈ ಬದುಕಿನಿಂದ ಗಲ್ಫಿನಲ್ಲಿ ಮಕ್ಕಳಿರುವ ನಾವು ಏನು ಕಲಿಯಬಹುದು? ದಲಾಲಿಯ ಬಾಯಿಮಾತು ನಂಬಿ ಹಣ ಕೊಡುವ ಮೊದಲು ಕಾಗದ ಓದಿಸಬೇಕು. ಕರಾರಿನಲ್ಲಿ ಏನಿದೆ ಅಂತ ತಿಳಿಯದೆ ಸಹಿ ಹಾಕಬಾರದು. ಪಾಸ್‌ಪೋರ್ಟ್, ವೀಸಾ, ನಿಖಾಹ್ ದಾಖಲೆಯ ಒಂದೊಂದು ಪ್ರತಿ ಊರಿನ ಮನೆಯಲ್ಲೂ ಇರಬೇಕು. ಜಮಾಅತ್‌ನಲ್ಲಿ ಓದಿದ ಹುಡುಗರು, ಹುಡುಗಿಯರು ಈಗ ಬೇಕಾದಷ್ಟಿದ್ದಾರೆ. ವಾರಕ್ಕೊಂದು ಸಂಜೆ ಮಸೀದಿಯ ಪಕ್ಕದ ಕೋಣೆಯಲ್ಲಿ ಕೂತು, ಓದು ಬಾರದವರ ಅರ್ಜಿಯನ್ನು ಫೀಸಿಲ್ಲದೆ ಓದಿ ಹೇಳಿದರೆ ಎಷ್ಟೋ ಮನೆಗಳ ಕಣ್ಣೀರು ಉಳಿದೀತು.