ಪಾಲ್ ಮುಲ್ಲರ್

ಮಕ್ಕಳೇ, ಪೆಟ್ಟಿಗೆಯಲ್ಲಿಟ್ಟ ಉಣ್ಣೆ ಬಟ್ಟೆ ತೂತಾಗಿರುವುದನ್ನು ನೋಡಿದ್ದೀರಾ? ಅದು ನುಸಿಯ ಮರಿಹುಳುಗಳ ಕೆಲಸ. ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿ 1935ರಲ್ಲಿ ನುಸಿ ಮತ್ತು ಬೆಳೆಯ ಕೀಟಗಳಿಗೆ ಮದ್ದು ಹುಡುಕತೊಡಗಿತು. ಅಲ್ಲಿನ ರಸಾಯನ ವಿಜ್ಞಾನಿ ಪಾಲ್ ಮುಲ್ಲರ್ (1899–1965) ನೂರಾರು ವಸ್ತುಗಳನ್ನು ಪರೀಕ್ಷಿಸಿದರೂ ಫಲ ಸಿಗಲಿಲ್ಲ. ಅವರು ಛಲ ಬಿಡಲಿಲ್ಲ. 1939ರಲ್ಲಿ ಡಿಡಿಟಿ ಕೀಟಗಳನ್ನು ಕೊಲ್ಲುವುದನ್ನು ಕಂಡುಹಿಡಿದರು.

ಟೈಫಸ್ ಜ್ವರ ಹರಡುವುದು ಬಟ್ಟೆಯಲ್ಲಿ ಅಡಗುವ ಹೇನು. 1943–44ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಈ ಜ್ವರ ಹಬ್ಬಿದಾಗ ಜನರು ತೊಟ್ಟ ಬಟ್ಟೆಯೊಳಗೇ ಡಿಡಿಟಿ ಪುಡಿ ಊದಲಾಯಿತು. ರೋಗ ಹತೋಟಿಗೆ ಬಂತು. 1948ರಲ್ಲಿ ಮುಲ್ಲರ್ ಅವರಿಗೆ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಆದರೆ ಡಿಡಿಟಿ ಬೇಗ ನಾಶವಾಗುವುದಿಲ್ಲ. ಅದು ಮೀನುಗಳ ಮೂಲಕ ಹದ್ದುಗಳ ದೇಹ ಸೇರಿ, ಮೊಟ್ಟೆಯ ಚಿಪ್ಪು ತೆಳುವಾಯಿತು. 1972ರಲ್ಲಿ ಅಮೆರಿಕ ಅದರ ಬಹುತೇಕ ಬಳಕೆಯನ್ನು ನಿಷೇಧಿಸಿತು. ನಮ್ಮ ಉಣ್ಣೆ ಬಟ್ಟೆಗಳನ್ನು ಒಗೆದು, ಬಿಸಿಲಿನಲ್ಲಿ ಒಣಗಿಸಿ, ಭದ್ರವಾಗಿ ಮುಚ್ಚಿಡೋಣ.