ಲೆಕ್ಕ ಗೊತ್ತಿದ್ದ ಜೂಜುಗಾರ

ಲಾರಿ ಕೆಳಗೆ ಬಗ್ಗಿ ನೋಡಿ. ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರದ ಕಡೆ ಒಂದು ಉದ್ದದ ರಾಡ್ ಹೋಗಿರುತ್ತೆ. ಮೆಕ್ಯಾನಿಕಲ್‌ನವರು ಅದನ್ನು ಕಾರ್ಡನ್ ಶಾಫ್ಟ್ ಅಂತಾರೆ. ಮ್ಯಾಥ್ಸ್‌ನಲ್ಲಿ ಕ್ಯೂಬಿಕ್ ಸಮೀಕರಣ ಬಿಡಿಸೋಕೆ ಕಾರ್ಡನ್ಸ್ ಮೆಥಡ್ ಇದೆ. ಎಲೆಕ್ಟ್ರಾನಿಕ್ಸ್‌ನವರು ದಿನಾ ಬರೆಯುವ ಕಾಂಪ್ಲೆಕ್ಸ್ ನಂಬರ್ ಮೊದಲು ಕಾಣಿಸಿಕೊಂಡಿದ್ದೂ ಇದೇ ಹೆಸರಿನ ಮನುಷ್ಯನ ಪುಸ್ತಕದಲ್ಲಿ. ನಮ್ಮ ಸಿಲಬಸ್‌ನಲ್ಲಿ ಇಷ್ಟು ಕಡೆ ಬರುವ ಜಿರೊಲಾಮೊ ಕಾರ್ಡಾನೊ ದಿನಾ ಏನು ಮಾಡ್ತಿದ್ದ ಗೊತ್ತಾ? ಜೂಜು ಆಡ್ತಿದ್ದ.

ಅವನ ಬಗ್ಗೆ ಓದೋಕೆ ನನಗೊಂದು ಕಾರಣ ಇತ್ತು. ಹೋದ ಸೆಮಿಸ್ಟರ್ ಇಂಟರ್ನಲ್ಸ್ ಮುಗಿದ ರಾತ್ರಿ ಗೆಳೆಯನ ರೂಮಿನಲ್ಲಿ ಪೋಕರ್‌ಗೆ ಕೂತೆವು. ನೋ-ಲಿಮಿಟ್ ಆಟ. ಅಂದರೆ ನಿಮ್ಮ ಮುಂದಿರೋ ದುಡ್ಡನ್ನೆಲ್ಲ ಒಂದೇ ಸಲ ಮಧ್ಯಕ್ಕೆ ತಳ್ಳಬಹುದು. ನನಗೆ ಒಂದೇ ಚಿಹ್ನೆಯ ನಾಲ್ಕು ಎಲೆ ಸೇರಿದ್ದವು, ಐದನೆಯದು ಬರಬೇಕಿತ್ತು. ಇನ್ನೆರಡು ಎಲೆ ತಿರುಗಿಸೋದು ಬಾಕಿ. ಬರುವ ಸಾಧ್ಯತೆ ನೂರಕ್ಕೆ ಸುಮಾರು 35 ಅಂತ ನನಗೆ ಗೊತ್ತಿತ್ತು. ಎದುರಿನವನು ಹಾಕಿದ್ದ ದುಡ್ಡಿಗೆ ಅಷ್ಟು ಸಾಲದು ಅಂತಾನೂ ಗೊತ್ತಿತ್ತು. ಆದರೂ ತಳ್ಳಿದೆ. ಎಲೆ ಬರಲಿಲ್ಲ. ಆಮೇಲೆ ಕಳೆದದ್ದನ್ನು ವಾಪಸ್ ತರಬೇಕು ಅಂತ ಬೆಳಗಿನ ಜಾವ ಮೂರರವರೆಗೆ ಕೂತೆ. ಮೆಸ್‌ಗೆ ಇಟ್ಟಿದ್ದ 1,400 ರೂಪಾಯಿ ಹೋಯ್ತು. ಲೆಕ್ಕ ಗೊತ್ತಿದ್ದವನು ಯಾಕೆ ಸೋತ ಅನ್ನೋ ಪ್ರಶ್ನೆ ತಲೆಯಲ್ಲೇ ಉಳಿಯಿತು. ಕಾರ್ಡಾನೊ ಜೀವನ ಪೂರ್ತಿ ಆ ಪ್ರಶ್ನೆಯೇ.

ಅವನು ಹುಟ್ಟಿದ್ದು 1501ರಲ್ಲಿ, ಇಟಲಿಯ ಪಾವಿಯಾ ಊರಲ್ಲಿ. ಅಪ್ಪ ಫಾಜಿಯೊ ಮಿಲಾನ್‌ನ ವಕೀಲ, ಗಣಿತದಲ್ಲೂ ಹೆಸರು ಮಾಡಿದವನು, ಲಿಯೊನಾರ್ಡೊ ಡ ವಿಂಚಿಗೆ ಪರಿಚಯಸ್ಥ. ಆದರೆ ಅಪ್ಪ-ಅಮ್ಮನಿಗೆ ಆಗ ಮದುವೆ ಆಗಿರಲಿಲ್ಲ. ಈ ಒಂದು ಕಾರಣಕ್ಕೆ ಮುಂದೆ ಅವನು ವರ್ಷಗಟ್ಟಲೆ ಅವಮಾನ ಅನುಭವಿಸಬೇಕಾಯಿತು.

ಅವನು ಪಾವಿಯಾದಲ್ಲಿ, ಆಮೇಲೆ ಪಾದುವಾದಲ್ಲಿ ವೈದ್ಯಕೀಯ ಓದಿದ. ಓದುತ್ತಿರುವಾಗಲೇ ಅಪ್ಪ ತೀರಿಕೊಂಡ. ಕೈಗೆ ಬಂದ ಸ್ವಲ್ಪ ಆಸ್ತಿ ಬೇಗ ಖಾಲಿಯಾಯಿತು. ಖರ್ಚಿಗೆ ಅವನು ಹಿಡಿದ ದಾರಿ ದಾಳ ಮತ್ತು ಇಸ್ಪೀಟು. ಆಶ್ಚರ್ಯ ಅಂದರೆ ಶುರುವಿನಲ್ಲಿ ಇದು ಕೆಲಸ ಮಾಡಿತು. ಸುತ್ತಲಿದ್ದವರೆಲ್ಲ ಅದೃಷ್ಟ ನಂಬಿ ಆಡ್ತಿದ್ದರು, ಇವನು ಎಣಿಸಿ ಆಡ್ತಿದ್ದ.

ಅವನು ಆಡುತ್ತಿದ್ದ ಇಸ್ಪೀಟಿನ ಆಟಗಳಲ್ಲಿ ಮುಖ್ಯವಾದದ್ದು ಪ್ರೈಮೆರೊ. ಇವತ್ತಿನ ಪೋಕರ್‌ಗೆ ಮುತ್ತಜ್ಜ ಅಂತ ಇಟ್ಟುಕೊಳ್ಳಿ. ಕಟ್ಟಿನಿಂದ ಎಂಟು, ಒಂಬತ್ತು, ಹತ್ತು ತೆಗೆದುಬಿಟ್ಟರೆ 40 ಎಲೆ ಉಳಿಯುತ್ತೆ. ಒಬ್ಬೊಬ್ಬರಿಗೆ ನಾಲ್ಕು ಎಲೆ. ಬೇಡದ್ದನ್ನು ಎಸೆದು ಬೇರೆ ಎತ್ತಿಕೊಳ್ಳಬಹುದು, ಪಣ ಏರಿಸಬಹುದು, ಧೈರ್ಯ ಸಾಲದಿದ್ದರೆ ಎಲೆ ಮಡಚಿ ಆಚೆ ಬರಬಹುದು. ನಾಲ್ಕೂ ಬೇರೆ ಬೇರೆ ಚಿಹ್ನೆಯಾದರೆ ಅದೇ ಪ್ರೈಮೆರೊ. ಅದಕ್ಕಿಂತ ದೊಡ್ಡದು ನಾಲ್ಕೂ ಒಂದೇ ಚಿಹ್ನೆಯ ಫ್ಲಶ್. ಎಲ್ಲಕ್ಕಿಂತ ದೊಡ್ಡದು ನಾಲ್ಕೂ ಒಂದೇ ಅಂಕಿ.

ಕ್ಯಾಲ್ಕುಲೇಟರ್ ಹಿಡಿದು ನಾನೇ ಲೆಕ್ಕ ಹಾಕಿದೆ. 40 ಎಲೆಯಿಂದ ನಾಲ್ಕನ್ನು 91,390 ರೀತಿಯಲ್ಲಿ ಆರಿಸಬಹುದು. ಹಂಚಿದಾಗಲೇ ಪ್ರೈಮೆರೊ ಬರೋದು ಒಂಬತ್ತು ಸಲಕ್ಕೆ ಸುಮಾರು ಒಂದು ಸಲ. ಫ್ಲಶ್ 840 ರೀತಿ, ಅಂದರೆ ಸುಮಾರು 109ಕ್ಕೆ ಒಂದು. ನಾಲ್ಕೂ ಒಂದೇ ಅಂಕಿ ಬರೋದು ಬರೀ ಹತ್ತು ರೀತಿಯಲ್ಲಿ. ಕಷ್ಟದ ಕೈಗೆ ಬೆಲೆ ಜಾಸ್ತಿ ಅನ್ನೋದು ಸರಿಯಾಗಿ ಕೂತಿದೆ. ಆದರೆ ಎದುರಿನವನ ಕೈಯಲ್ಲಿ ಏನಿದೆ ಅಂತ ಈ ಲೆಕ್ಕ ಹೇಳಲ್ಲ. ಏನೂ ಇಲ್ಲದವನೂ ಮುಖ ಗಂಟಿಕ್ಕಿಕೊಂಡು ಪಣ ಏರಿಸಬಹುದು. ಕಾರ್ಡಾನೊಗೆ ಇದು ಚೆನ್ನಾಗಿ ಗೊತ್ತಿತ್ತು. ದಾಳದಲ್ಲಿ ಎಲ್ಲವೂ ಕಣ್ಣಮುಂದೆ ಇರುತ್ತೆ, ಇಸ್ಪೀಟಿನಲ್ಲಿ ಮುಚ್ಚಿರುತ್ತೆ, ಅದಕ್ಕೇ ಇಲ್ಲಿ ಎದುರಿನ ಮನುಷ್ಯನನ್ನೂ ಓದಬೇಕು ಅನ್ನೋದು ಅವನ ತಿಳಿವಳಿಕೆ.

ಈಗ ವೆನಿಸ್‌ನ ಕಥೆ. ಇದನ್ನು ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಒಬ್ಬ ಸೆನೆಟರ್ ಮನೆಯಲ್ಲಿ ಎಲೆ ಆಡಲು ಕೂತ. ಮೊದಲ ದಿನ ದುಡ್ಡು, ಉಂಗುರ, ಬಟ್ಟೆ ಎಲ್ಲ ಹೋಯ್ತು. ಮರುದಿನ ಮತ್ತೆ ಹೋಗಿ ಕೂತ. ಆಡ್ತಾ ಆಡ್ತಾ ಎಲೆಗಳ ಮೇಲೆ ಗುರುತು ಇರೋದು ಕಣ್ಣಿಗೆ ಬಿತ್ತು. ಅಷ್ಟೇ, ಕಠಾರಿ ತೆಗೆದು ಮನೆ ಯಜಮಾನನ ಮುಖಕ್ಕೆ ಗೀರಿದ. ಬಾಗಿಲಿಗೆ ಬೀಗ, ಒಳಗೆ ಇಬ್ಬರು ಆಳುಗಳು. ದುಡ್ಡು ಬಾಚಿಕೊಂಡ. ಯಜಮಾನನ ಗಾಯ ನೋಡಿ ಪಾಪ ಅನಿಸಿ ಸ್ವಲ್ಪ ಅವನ ಕಡೆಗೇ ಎಸೆದ. ಮೋಸ ಬಯಲಾದರೆ ಮರ್ಯಾದೆ ಹೋಗುತ್ತೆ ಅಂತ ಯಜಮಾನ ಬಾಗಿಲು ತೆಗೆಸಿದ.

ಕಥೆ ಇನ್ನೂ ಮುಗಿದಿಲ್ಲ. ಆ ರಾತ್ರಿ ಕಾವಲುಗಾರರ ಕಣ್ಣು ತಪ್ಪಿಸಿ ಓಡಾಡುವಾಗ ಕಾಲು ಜಾರಿ ನೀರಿಗೆ ಬಿದ್ದ. ಹಾದು ಹೋಗ್ತಿದ್ದ ದೋಣಿಯನ್ನು ಹಿಡಿದುಕೊಂಡ. ಮೇಲೆ ಎಳೆದುಕೊಂಡರು. ನೋಡಿದರೆ ದೋಣಿಯೊಳಗೆ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಅದೇ ಸೆನೆಟರ್! ಅವನು ಜಗಳ ತೆಗೆಯಲಿಲ್ಲ. ಒದ್ದೆಯಾಗಿದ್ದವನಿಗೆ ಬಟ್ಟೆ ಕೊಟ್ಟ, ಇಬ್ಬರೂ ಒಟ್ಟಿಗೆ ಪಾದುವಾಕ್ಕೆ ಪ್ರಯಾಣ ಮಾಡಿದರು.

ಸಿನಿಮಾ ತರ ಇದೆ, ಅಲ್ವಾ? ನನಗೆ ಮಾತ್ರ ಬೇರೆಯದೇ ಕಾಡಿತು. ಮೊದಲ ದಿನ ಎಲ್ಲ ಕಳೆದುಕೊಂಡ ಮನುಷ್ಯ ಮರುದಿನ ಅದೇ ಮನೆಗೆ ಯಾಕೆ ಹೋದ?

ಡಿಗ್ರಿ ಸಿಕ್ಕ ಮೇಲೂ ಮಿಲಾನ್‌ನ ವೈದ್ಯರ ಸಂಘ ಅವನನ್ನು ಸೇರಿಸಿಕೊಳ್ಳಲಿಲ್ಲ. ಕೊಟ್ಟ ಕಾರಣ ಹುಟ್ಟು. ಹಳ್ಳಿಯಲ್ಲಿ ಪ್ರಾಕ್ಟೀಸ್ ಮಾಡಿದ, 1531ರಲ್ಲಿ ಲುಚಿಯಾಳನ್ನು ಮದುವೆಯಾದ. ಸಂಪಾದನೆ ಸಾಲಲಿಲ್ಲ. ಮತ್ತೆ ಆಟ. ಈ ಸಲ ಲೆಕ್ಕ ಕೈಹಿಡಿಯಲಿಲ್ಲ. ಹೆಂಡತಿಯ ಒಡವೆ ಅಡವಿಗೆ ಹೋಯ್ತು, ಮನೆಯ ಸಾಮಾನು ಹೋಯ್ತು. ಕೊನೆಗೆ ಗಂಡ, ಹೆಂಡತಿ, ಮಗು ಬಡವರ ಆಶ್ರಯದ ಮನೆ ಸೇರಿದರು. ಧರ್ಮರಾಯನ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಆದರೆ ಧರ್ಮರಾಯನಿಗೆ ದಾಳದ ಗುಟ್ಟು ಗೊತ್ತಿರಲಿಲ್ಲ. ಇವನಿಗೆ ಆಗಿನ ಯುರೋಪಿನಲ್ಲಿ ಯಾರಿಗೂ ಗೊತ್ತಿಲ್ಲದಷ್ಟು ಗೊತ್ತಿತ್ತು.

ಮುಂದಿನ ಭಾಗ ಎಲ್ಲರಿಗೂ ಗೊತ್ತಿರೋದು, ಬೇಗ ಹೇಳ್ತೀನಿ. ಮಿಲಾನ್‌ನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. 1539ರಲ್ಲಿ ವೈದ್ಯರ ಸಂಘವೂ ಒಪ್ಪಿಕೊಂಡಿತು. ಅದೇ ವರ್ಷ ಟಾರ್ಟಾಲಿಯಾ ಅನ್ನುವವನಿಂದ ಕ್ಯೂಬಿಕ್ ಬಿಡಿಸುವ ಗುಟ್ಟನ್ನು ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ ಪಡೆದ. ಆಮೇಲೆ ಡೆಲ್ ಫೆರೊ ಅನ್ನುವವನು ಅದನ್ನು ಇನ್ನೂ ಮೊದಲೇ ಕಂಡುಹಿಡಿದಿದ್ದ ಅಂತ ತಿಳಿದು, 1545ರಲ್ಲಿ ತನ್ನ ‘ಆರ್ಸ್ ಮ್ಯಾಗ್ನಾ’ದಲ್ಲಿ ಅಚ್ಚು ಹಾಕಿಸಿಬಿಟ್ಟ. ಇಬ್ಬರ ಹೆಸರನ್ನೂ ಹೇಳಿದ್ದ, ಆದರೂ ಟಾರ್ಟಾಲಿಯಾ ಜೀವನಪೂರ್ತಿ ಕ್ಷಮಿಸಲಿಲ್ಲ. ಹತ್ತನ್ನು ಎರಡು ಭಾಗ ಮಾಡಿ, ಗುಣಿಸಿದರೆ 40 ಬರಬೇಕು ಅನ್ನೋ ಲೆಕ್ಕದಲ್ಲಿ ಮೈನಸ್ 15ರ ವರ್ಗಮೂಲ ಬಂದದ್ದು ಇದೇ ಪುಸ್ತಕದಲ್ಲಿ. 1552ರಲ್ಲಿ ಸ್ಕಾಟ್ಲೆಂಡಿನ ಆರ್ಚ್‌ಬಿಷಪ್‌ನ ಉಬ್ಬಸಕ್ಕೆ ಔಷಧಿ ಮಾಡಲು ಅಲ್ಲಿವರೆಗೆ ಹೋದ. ಹಕ್ಕಿಗರಿ ತುಂಬಿದ ಹಾಸಿಗೆ ತೆಗೆಸಿದ, ರೋಗಿ ಚೇತರಿಸಿಕೊಂಡ. ಯುರೋಪಿನ ದೊಡ್ಡ ವೈದ್ಯರಲ್ಲಿ ಒಬ್ಬನಾದ.

ಇದರ ನಡುವೆ ಜೂಜಿನ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ: ‘ಲೀಬರ್ ಡೆ ಲೂಡೊ ಆಲೆಯೆ’. ಎರಡು ದಾಳಕ್ಕೆ 36 ಸಾಧ್ಯತೆ, ಮೂರಕ್ಕೆ 216. ನಾವು ಸ್ಯಾಂಪಲ್ ಸ್ಪೇಸ್ ಅನ್ನೋದನ್ನು ಅವನು ಸರ್ಕ್ಯೂಟ್ ಅಂತ ಕರೆದ. ಬೇಕಾದದ್ದು ಎಷ್ಟು, ಒಟ್ಟು ಎಷ್ಟು, ಆ ಅನುಪಾತ ನೋಡಿ ಪಣ ಕಟ್ಟಬೇಕು ಅಂದ. ತಪ್ಪುಗಳೂ ಇವೆ. ಒಂದು ದಾಳವನ್ನು ಮೂರು ಸಲ ಎಸೆದರೆ ಬೇಕಾದ ಅಂಕಿ ಬರೋದು ಅರ್ಧಕ್ಕರ್ಧ ಅಂತ ಒಂದು ಕಡೆ ಹೇಳ್ತಾನೆ. ನಿಜಕ್ಕೂ ಅದು 216ರಲ್ಲಿ 91 ಮಾತ್ರ. ನಾವು ಪರೀಕ್ಷೆಯಲ್ಲಿ ಮಾಡೋ ತಪ್ಪೇ ಅದು.

ಈ ಪುಸ್ತಕದ ಅರ್ಧ ಭಾಗ ಗಣಿತವೇ ಅಲ್ಲ. ಸೋಪು ಹಚ್ಚಿದ ಎಲೆ, ಗುರುತು ಹಾಕಿದ ಎಲೆ, ಎದುರಿನವನ ಕೈ ನೋಡಲು ಉಂಗುರದಲ್ಲಿ ಕೂರಿಸಿದ ಪುಟ್ಟ ಕನ್ನಡಿ, ಹಿಂದೆ ನಿಂತು ಸನ್ನೆ ಮಾಡುವವರು, ಎಲ್ಲ ಬರೆದಿದ್ದಾನೆ. ಆಟಕ್ಕೆ ಮೂಲ ನಿಯಮ ಸಮಾನತೆ ಅಂತಾನೆ. ದುಡ್ಡು, ಜಾಗ, ದಾಳ, ಎದುರಾಳಿ ಎಲ್ಲ ಸಮ ಇರಬೇಕು. ನಿನ್ನ ಕಡೆಗೆ ವಾಲಿದ್ದರೆ ನೀನು ಮೋಸಗಾರ, ಅವನ ಕಡೆಗೆ ವಾಲಿದ್ದರೆ ನೀನು ಮೂರ್ಖ. ಸಿಟ್ಟು ಬಂದಾಗ ಆಡಬಾರದು, ಪಣ ಸಣ್ಣದಿರಬೇಕು. ಎಲ್ಲಕ್ಕಿಂತ ದೊಡ್ಡ ಲಾಭ ಅಂದರೆ ಆಡದೇ ಇರೋದು ಅಂತಾನೂ ಬರೆದ. ಬರೆದವನು ಮಾತ್ರ ಮೇಜು ಬಿಟ್ಟು ಏಳಲಿಲ್ಲ. ಚೆಸ್ ನಲವತ್ತು ವರ್ಷ, ದಾಳ ಸುಮಾರು ಇಪ್ಪತ್ತೈದು ವರ್ಷ ಆಡಿದೆ, ಅದೂ ಪ್ರತಿದಿನ, ಅಂತ ಮುದಿ ವಯಸ್ಸಿನಲ್ಲಿ ನಾಚಿಕೆಯಿಂದ ಒಪ್ಪಿಕೊಂಡ.

ಕೊನೆಯ ವರ್ಷಗಳು ಓದೋಕೆ ಕಷ್ಟ. ದೊಡ್ಡ ಮಗ ಹೆಂಡತಿಗೆ ವಿಷ ಹಾಕಿದ ಅಪರಾಧಕ್ಕೆ 1560ರಲ್ಲಿ ತಲೆ ಕಳೆದುಕೊಂಡ. ಸಣ್ಣ ಮಗ ಆಲ್ಡೊ ಅಪ್ಪನಿಂದ ಗಣಿತ ಕಲಿಯಲಿಲ್ಲ, ಜೂಜು ಕಲಿತ. ಸೋತು ಸೋತು ಕೊನೆಗೆ ಅಪ್ಪನ ಮನೆಯಲ್ಲೇ ದುಡ್ಡು, ಒಡವೆ ಕದ್ದ. ಕಾರ್ಡಾನೊ ತಾನೇ ಹೋಗಿ ಅಧಿಕಾರಿಗಳಿಗೆ ಹೇಳಿದ. ಮಗನನ್ನು ಬೊಲೊನಾದಿಂದ ಗಡೀಪಾರು ಮಾಡಿದರು. ಹೆಂಡತಿಯ ಒಡವೆ ಅಡವಿಟ್ಟವನ ಮನೆಯಲ್ಲಿ ಮಗ ಒಡವೆ ಕದ್ದ. 1570ರಲ್ಲಿ ಚರ್ಚಿನ ವಿಚಾರಣಾ ಮಂಡಳಿ ಕಾರ್ಡಾನೊನನ್ನೇ ಬಂಧಿಸಿ ಕೆಲವು ತಿಂಗಳು ಇಟ್ಟಿತು, ಪಾಠ ಮಾಡೋದನ್ನು ನಿಲ್ಲಿಸಿತು. ಅವನು ರೋಮ್‌ಗೆ ಹೋಗಿ ಆತ್ಮಕಥೆ ಬರೆದು, 1576ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ.

ಜೂಜಿನ ಪುಸ್ತಕ ಅಚ್ಚಾಗಿದ್ದು 1663ರಲ್ಲಿ. ಅಷ್ಟರಲ್ಲಿ, 1654ರಲ್ಲಿ, ಪ್ಯಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡು ಪ್ರಾಬಬಿಲಿಟಿಯನ್ನು ಗಟ್ಟಿ ಮಾಡಿಬಿಟ್ಟಿದ್ದರು. ಹೆಸರು ಅವರಿಗೆ ಹೋಯ್ತು.

ಕಾರ್ಡಾನೊ ದಡ್ಡ ಅಂತ ನನಗೆ ಅನಿಸಲ್ಲ. ದಾಳದಲ್ಲಿ ಎಷ್ಟು ಮುಖ ಇದೆ ಅಂತ ಎಣಿಸಬಹುದು. ಸೋತ ಮೇಲೆ ನಮ್ಮೊಳಗೆ ಏನಾಗುತ್ತೆ ಅನ್ನೋದನ್ನು ಎಣಿಸೋಕೆ ಆಗಲ್ಲ. ವೆನಿಸ್‌ನಲ್ಲಿ ಮರುದಿನ ವಾಪಸ್ ಹೋದವನಿಗೂ, ಬೆಳಗಿನ ಜಾವ ಮೂರರವರೆಗೆ ಕೂತ ನನಗೂ ಆಗಿದ್ದು ಅದೇ. ಮೊನ್ನೆ ಗೆಳೆಯ ಮತ್ತೆ ಆಟಕ್ಕೆ ಕರೆದ. ಹೋದೆ. ಬೆಂಕಿಕಡ್ಡಿ ಪಣ ಇಟ್ಟು ಆಡಿದೆವು. ಹತ್ತೂವರೆಗೆ ಎದ್ದು ಬಂದೆ. ಆಗ ನಾನು ಸೋಲ್ತಾ ಇದ್ದೆ.